ಹನುಮಮ್ಮ ಹಾಕಿದ ಗಂಟು

"ಇಳಿ, ಇಳಿ. ನಾಳಿಂದ ನೀ ಬರಬ್ಯಾಡ," ಎಂದ ಗಾಳೆಪ್ಪ, ಹರಿಗೋಲು ದಡಕ್ಕೆ ತಾಗುವ ಮೊದಲೇ.

ಸುಧಾರಾಣಿ ಮೊಣಕಾಲುದ್ದ ನೀರಿಗಿಳಿದು, ರೀಲು ಹಾಕಿದ ಗಾಳದ ಕೋಲನ್ನು ಎದೆಗವಚಿಕೊಂಡು ಬಂದಳು. ಬಂಡೆಯ ಮೇಲೆ ಹರಿದ ಬಲೆ ಹರವಿಕೊಂಡು ಕೂತಿದ್ದ ಹನುಮಮ್ಮ ಮಗಳ ಮುಖ ನೋಡಿ ಕೈಯಲ್ಲಿದ್ದ ಸೂಜಿ ಕೆಳಗಿಟ್ಟಳು.

"ಬಾಳೆ ಮೀನು, ಹನುಮಿ!" ಗಾಳೆಪ್ಪ ದಡದತ್ತ ಕೂಗಿದ. "ಹೆಚ್ಚುಕಮ್ಮಿ ಈ ಹುಡುಗಿಯಷ್ಟು ಉದ್ದ ಇತ್ತು. ಒಂದ್ ಸಲ ಮ್ಯಾಲೆ ಹೊಳ್ಳಿ ನನ್ನ ಮುಖಾನೂ ನೋಡಿ ತಪ್ಪಿಸ್ಕೊಂಡು ಹೋತು. ಹೋದ ವಾರನೂ ಹಿಂಗ ಆತು. ಹೆಣ್ಣುಡುಗಿ ರಟ್ಟಿ, ಎಷ್ಟಂತ ತಡೀತೈತಿ? ನಾಳಿಗೆ ಆಕಿ ಜಾಗದಾಗ ಹುಲುಗೇಶ ಕೂಡ್ಲಿ."

ಗಾಳೆಪ್ಪ ಹನುಮಮ್ಮನ ಒಡಹುಟ್ಟಿದ ಅಣ್ಣ. ಅವನ ಹರಿಗೋಲಿನಲ್ಲಿ ಇಬ್ಬರಿಗೆ ಜಾಗ. ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ಗಾಳ ಹಿಡಿಯಬೇಕು. ಹನುಮಮ್ಮನ ಗಂಡ ರಾಮಾಂಜಿನಿ ಸಿರುಗುಪ್ಪದ ಅಕ್ಕಿ ಗಿರಣಿಗೆ ಸೇರಿದ ಮೇಲೆ ಖಾಲಿಯಾದ ಆ ಜಾಗವನ್ನು ಸುಧಾರಾಣಿ ಎರಡು ತಿಂಗಳು ಕಾಡಿ ಬೇಡಿ ಪಡೆದಿದ್ದಳು. ಕೆಂಚನಗುಡ್ಡದಲ್ಲಿ ಬಲೆ ಹೊಲಿಯುವುದು ಹೆಂಗಸರ ಕೆಲಸ, ಗಾಳಕ್ಕೆ ಗಂಟು ಹಾಕುವುದೂ ಅವರದೇ. ಹರಿಗೋಲಿನಲ್ಲಿ ಕೂತು ಆ ಗಾಳ ಎಸೆದ ಹೆಣ್ಣು ಮಾತ್ರ ಅಲ್ಲಿಯವರೆಗೆ ಯಾರೂ ಇರಲಿಲ್ಲ.

"ಮಾವ ಅಂದಿದ್ದು ಕೇಳಿದ್ಯಾ?" ಮನೆಯ ದಾರಿಯಲ್ಲಿ ಹನುಮಮ್ಮ ಕೇಳಿದಳು.

"ಕೇಳೀನಿ ಬಿಡವ್ವ. ಹಸಿವಾಗೈತಿ."

ಅವಳಿಗೆ ರೊಟ್ಟಿ ಹಾಕಿಕೊಟ್ಟು, ಒಲೆಯ ಮುಂದೆ ಕೂತೇ ಹನುಮಮ್ಮ ಕೋಲನ್ನು ತೊಡೆಯ ಮೇಲಿಟ್ಟುಕೊಂಡಳು. ಮೀನು ಗಾಳ ಕಿತ್ತುಕೊಂಡು ಹೋಗಿತ್ತು, ದಾರ ಉಳಿದಿತ್ತು. ಬಳ್ಳಾರಿಯ ಅಂಗಡಿಯಿಂದ ಮಗಳು ತಂದ ಹೊಸ ದಾರ ಅದು. ಎಂಟು ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದದ್ದು, ಹಸಿರು ಬಣ್ಣ, ರೇಷ್ಮೆಗಿಂತ ನುಣುಪು. ಹಲ್ಲಿನಲ್ಲಿ ಕಚ್ಚಿದರೆ ತುಂಡಾಗದು, ಬ್ಲೇಡೇ ಬೇಕು.

ಅದರ ತುದಿಯನ್ನು ಬೆಳಕಿಗೆ ಹಿಡಿದಳು. ತುಂಡಾದ ದಾರವಾದರೆ ತುದಿ ಬಿಚ್ಚಿ ಕುಚ್ಚಾಗಿರಬೇಕಿತ್ತು. ಇಲ್ಲಿ ಬ್ಲೇಡಿನಲ್ಲಿ ಕತ್ತರಿಸಿದ ತುದಿ ಹಾಗೇ ನೆಟ್ಟಗಿತ್ತು. ಅದರ ಹಿಂದಿನ ನಾಲ್ಕು ಬೆರಳುದ್ದ ಮಾತ್ರ ಹಂದಿಯ ಬಾಲದಂತೆ ಸುರುಳಿಯಾಗಿತ್ತು. ದಾರ ಹರಿದಿರಲಿಲ್ಲ. ಗಂಟು ಜಾರಿತ್ತು.

ಆ ಗಂಟು ಹಾಕಿದ್ದು ಅವಳೇ.

ತಂಗೂಸಿಯನ್ನು, ಅಂದರೆ ಒಂಟಿ ಎಳೆಯ ನೈಲಾನ್ ದಾರವನ್ನು, ಗಾಳದ ಕಣ್ಣಿಗೆ ತೂರಿಸಿ, ಐದು ಸುತ್ತು ಸುತ್ತಿ, ತುದಿಯನ್ನು ಹಿಂದಕ್ಕೆ ಸಿಕ್ಕಿಸುವ ಗಂಟು. ಇಪ್ಪತ್ತೆರಡು ವರ್ಷಗಳಿಂದ ಊರಿನ ಅರ್ಧ ಗಾಳಗಳಿಗೆ ಅವಳದೇ ಕೈ. ತೆಕ್ಕಲಕೋಟೆಯಿಂದಲೂ ಗಾಳ ಕಳಿಸುತ್ತಿದ್ದರು. "ಹನುಮಮ್ಮನ ಗಂಟೈತಾ? ಹಂಗಾರ ಚಿಂತಿಲ್ಲ" ಎನ್ನುವುದು ಹೊಳೆಯ ಮೇಲೆ ಬಳಕೆಯ ಮಾತಾಗಿತ್ತು. ಈ ದಾರ ತಂದ ದಿನ ಮಗಳು, "ಅಂಗಡಿಯಾಂವ ಇದಕ್ಕ ಬ್ಯಾರೆ ಗಂಟು ಅಂದ, ಅವ್ವ. ದಾರ ಮಡಚಿ ಎರಡು ಮಾಡ್ಕೊಬೇಕಂತ" ಎಂದಿದ್ದಳು. "ಅಂಗಡ್ಯಾಗ ಕುಂತಾಂವಗ ಹೊಳಿ ಗೊತ್ತೇನಲೇ?" ಎಂದು ನಕ್ಕು, ಅವಳ ಕೈಯಿಂದ ಗಾಳ ಕಸಿದುಕೊಂಡಿದ್ದಳು ಹನುಮಮ್ಮ.

"ಸುಧಾ, ನಿನಗ ಗೊತ್ತಿತ್ತಾ ಗಂಟು ಜಾರಿದ್ದು?"

ಸುಧಾರಾಣಿ ರೊಟ್ಟಿ ಮುರಿಯುತ್ತಾ, "ಹೋದ ವಾರನ ಗೊತ್ತಿತ್ತು," ಎಂದಳು.

"ಮತ್ತ ಮಾವ ಅಷ್ಟು ಅನ್ನಾಕತ್ತಿದ್ದಾಗ ಬಾಯಿಗೆ ಏನಾಗಿತ್ತು?"

"ನನ್ನ ರಟ್ಟಿ ಇವತ್ತು ಬೈಸ್ಕೊಂತೈತಿ, ನಾಳೆ ಗಟ್ಟಿ ಆಗ್ತೈತಿ. ನಿನ್ನ ಗಂಟಿನ ಹೆಸರು ಹೋದ್ರ ಯಾರು ತಂದು ಕೊಡ್ತಾರ?"

ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಹನುಮಮ್ಮ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಒಲೆಯ ಕೊಳ್ಳಿಗಳನ್ನು ಹಿಂದಕ್ಕೆಳೆದಳು.

ಮಧ್ಯಾಹ್ನವೆಲ್ಲ ಪಡಸಾಲೆಯ ಜಂತಿಗೆ ಆ ದಾರ ಕಟ್ಟಿ, ತುದಿಗೊಂದು ಗಾಳ ಹಾಕಿ, ಗಾಳಕ್ಕೆ ಬಕೆಟ್ ತೂಗಿಬಿಟ್ಟು ನೀರು ಸುರಿಯುತ್ತಾ ಹೋದಳು. ಐದು ಸುತ್ತಿನ ಗಂಟು ಅರ್ಧ ಬಕೆಟ್ಟಿಗೇ ಜಾರಿತು. ಎಂಟು ಸುತ್ತು ಹಾಕಿದಳು, ಸ್ವಲ್ಪ ತಡೆದು ಜಾರಿತು. ಬಲೆಯ ಗಂಟು ಹಾಕಿದಳು, ಅದು ನಿಲ್ಲಲೇ ಇಲ್ಲ.

"ಅವ್ವ, ಹೊಳಿ ಮನಿಯಾಗ ಬಂತು! ಮಾವನ್ನ ಹರಿಗೋಲು ತರಾಕ ಹೇಳ್ಲಾ?"

"ಬಾಯಿ ಮುಚ್ಕೊಂಡು ನೆಲ ಒರಸು."

ಹನುಮಮ್ಮ ಪಾತ್ರೆ ತೊಳೆದು ಬಂದು ಮತ್ತೆ ಕೂತಳು. ದಾರ ಮಡಚಿ ಎರಡು ಮಾಡಿ ಗಾಳದ ಕಣ್ಣಿಗೆ ತೂರಿಸಿದಳು. ಅಲ್ಲಿಂದ ಮುಂದೆ ಅಂಗಡಿಯವನು ಹೇಳಿದ್ದು ಮಗಳಿಗೆ ನೆನಪಿರಲಿಲ್ಲ. ಆ ಜೋಡಿ ದಾರದಲ್ಲೇ ಸಡಿಲವಾಗಿ ಒಂದು ಗಂಟು ಹಾಕಿ ನೋಡಿದಳು. ತುದಿಯಲ್ಲಿ ಕುಣಿಕೆ ಉಳಿಯಿತು. ಉಳಿದ ಕುಣಿಕೆಗೆ ಏನು ಕೆಲಸ? ಎತ್ತಿನ ಕೊರಳಿಗೆ ಕಣ್ಣಿ ಹಾಕಿದಂತೆ ಗಾಳವನ್ನೇ ಅದರೊಳಗಿಂದ ದಾಟಿಸಿದಳು. ಎಂಜಲು ಹಚ್ಚಿ ಒದ್ದೆ ಮಾಡಿ, ಎರಡೂ ಎಳೆಗಳನ್ನು ನಿಧಾನವಾಗಿ ಎಳೆದಳು. ಗಂಟು ಕುಸಿದು, ಕೂತು, ಜೋಳದ ಕಾಳಿಗಿಂತ ಚಿಕ್ಕದಾಯಿತು.

ಬಕೆಟ್ ತುಂಬಿತು. ಅದರೊಳಗೆ ಒಳಕಲ್ಲಿನ ಗುಂಡು ಇಟ್ಟಳು. ಜಂತಿ ಕಿರ್ರೆಂದಿತು. ಗಂಟು ಅಲುಗಲಿಲ್ಲ.

ಸಂಜೆ ಗಾಳೆಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಹುಲುಗೇಶನೊಂದಿಗೆ ಚಹಾ ಕುಡಿಯುತ್ತಿದ್ದ. ಅವನ ಹೆಂಡತಿಯ ತಮ್ಮ ಹುಲುಗೇಶ. ನಾಳೆಯ ಜಾಗ ತನ್ನದೆಂದು ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಇನ್ನೂ ನಾಲ್ಕು ಜನ ಬೆಸ್ತರು ಅಲ್ಲಿದ್ದರು. ಅವರೆಲ್ಲರ ಗಾಳಗಳಿಗೂ ಒಮ್ಮೆಯಲ್ಲ ಒಮ್ಮೆ ಹನುಮಮ್ಮ ಗಂಟು ಹಾಕಿಕೊಟ್ಟಿದ್ದಳು. ಬರುವಾಗ ಯಾರೂ ಇರದ ಹೊತ್ತು ನೋಡಿ ಹೇಳೋಣವೆಂದುಕೊಂಡಿದ್ದಳು. ಈಗ ನಿಂತುಬಿಟ್ಟಳು.

"ಅಣ್ಣ, ಮೀನ ಬಿಟ್ಟಿದ್ದು ಹುಡುಗಿ ಅಲ್ಲ. ನಾನು."

"ನೀ ಎಲ್ಲಿದ್ದಿ ಹರಿಗೋಲ್ನಾಗ?"

"ಗಂಟು ನನ್ದು. ತಂಗೂಸಿಗೆ ನಿಲ್ಲೋ ಗಂಟು ಈ ದಾರಕ್ಕ ನಿಲ್ಲಲ್ಲ. ಆಕಿ ಹೇಳಿದ್ಳು, ನಾ ಕೇಳ್ಲಿಲ್ಲ. ಎರಡು ಸಲಾನೂ ನನ್ನ ಗಂಟೇ ಜಾರೈತಿ." ಸೆರಗಿನೊಳಗಿಂದ ದಾರ ಕಟ್ಟಿದ ಎರಡು ಗಾಳ ತೆಗೆದು ಅವನ ಮುಂದಿಟ್ಟಳು. "ಹಳೇ ಗಂಟು, ಹೊಸ ಗಂಟು, ಎರಡೂ ಹಾಕಿ ತಂದೀನಿ. ಜಗ್ಗಿ ನೋಡು."

ಗಾಳೆಪ್ಪ ಮೊದಲನೆಯದನ್ನು ಕಂಬದ ಮೊಳೆಗೆ ಸಿಕ್ಕಿಸಿ ಎಳೆದ. ಗಂಟು ಸರ್ರನೆ ಬಿಚ್ಚಿಕೊಂಡಿತು. ಅವನು ಹಿಂದಿದ್ದ ಹುಲುಗೇಶನ ಮೇಲೆ ಬಿದ್ದ, ಚಹಾ ಮೀಸೆಗಾಯಿತು. ಎರಡನೆಯದಕ್ಕೆ ಟವೆಲ್ ಸುತ್ತಿಕೊಂಡು, ಕಂಬಕ್ಕೆ ಕಾಲು ಕೊಟ್ಟು ಎಳೆದ. ದಾರ ಟವೆಲನ್ನು ಕೊಯ್ದಿತು. ಮೊಳೆ ಬಾಗಿತು.

ಅವನು ಗಾಳವನ್ನು ಬಿಡಿಸಿ ಕಣ್ಣ ಹತ್ತಿರ ಹಿಡಿದು ಗಂಟನ್ನು ಉಗುರಿನಿಂದ ಒತ್ತಿ ನೋಡಿದ.

"ನಾಳಿಗೆ ಒಂದ್ ದಿನ," ಎಂದ. "ನಾಳಿನೂ ಬಿಟ್ರ, ಮತ್ತ ಕೇಳಬಾರ್ದು. ನೀನೂ ಅಷ್ಟ, ಆಕಿನೂ ಅಷ್ಟ."

ಮರುದಿನ ಹೊಳೆಗೆ ಹೊರಡುವಾಗ ಹನುಮಮ್ಮ ಹೊಸ ಗಾಳವನ್ನೂ ದಾರವನ್ನೂ ಮಗಳ ಕೈಗೇ ಕೊಟ್ಟಳು. "ನೀನ ಹಾಕು. ನಾ ನೋಡ್ತೀನಿ." ಸುಧಾರಾಣಿ ಹಾಕಿದಳು. ತಾಯಿ ತನ್ನ ಬೆರಳುಗಳನ್ನು ಸೆರಗಿನೊಳಗೆ ಬಿಗಿಹಿಡಿದುಕೊಂಡು ನೋಡಿದಳು, ಒಮ್ಮೆಯೂ ಕೈ ಚಾಚಲಿಲ್ಲ.

ಬಿಸಿಲು ಬಂಡೆಗೆ ಬರುವ ಹೊತ್ತಿಗೆ ಹನುಮಮ್ಮ ದಡದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪಕ್ಕದ ಕಲ್ಲಿನಲ್ಲಿ ನೆರೆಮನೆಯ ವಿರೂಪಮ್ಮ ಇದ್ದಳು. ನಡುಹೊಳೆಯಿಂದ ಗಾಳೆಪ್ಪನ ಕೂಗು ಕೇಳಿಸಿತು. "ಬಿಡು, ಬಿಡು, ಜಗ್ಗಬ್ಯಾಡ! ಈಗ ಸುತ್ತು! ಸುತ್ತಲೇ!" ಹರಿಗೋಲು ಒಮ್ಮೆ ಗಿರ್ರನೆ ತಿರುಗಿತು. ಕೋಲು ಕುಡುಗೋಲಿನಂತೆ ಬಾಗಿತ್ತು. ಆಮೇಲೆ ಕೂಗು ನಿಂತುಹೋಯಿತು.

"ಯಾಕ ಹನುಮಕ್ಕ, ನಿಮ್ಮಣ್ಣನ ಹರಿಗೋಲು ಹೊಳಿಗೆ ಎದುರು ಹೊಂಟೈತಿ?"

"ನನ್ನ ಮಗಳು ಹಿಡ್ಕೊಂಡಾಳ," ಎಂದಳು ಹನುಮಮ್ಮ.

ಗಾಳೆಪ್ಪ ಹುಟ್ಟನ್ನು ಎತ್ತಿ ಮೊಣಕಾಲುಗಳ ಮೇಲೆ ಅಡ್ಡ ಇಟ್ಟುಕೊಂಡು, ಕೈಕಟ್ಟಿ ಕೂತಿದ್ದ. ಅವನ ಮುಂದೆ ಸುಧಾರಾಣಿ ಎರಡೂ ಕಾಲು ಊರಿ ನಿಂತಿದ್ದಳು. ಕಾಣದ ಮೀನು ಎಳೆದತ್ತ, ಸೆಳವಿಗೆ ಎದುರಾಗಿ, ಹರಿಗೋಲು ನಿಧಾನವಾಗಿ ಮೇಲಕ್ಕೆ ಹೋಗುತ್ತಿತ್ತು.