ಗೆದ್ದಲು ತಿಂದ ಹನ್ನೆರಡು ಪುಸ್ತಕ

ರಸ್ತೆ ಇಲಾಖೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ದಾಖಲೆ ಕೋಣೆಯಲ್ಲಿ ಅವಳು ಮೂವತ್ತೊಂಬತ್ತು ವರ್ಷ ಕಳೆದಿದ್ದಳು. ಕಚೇರಿಗೆಲ್ಲ ಅವಳು ‘ದಾಖಲೆ ಅಕ್ಕ’. ಯಾರಾದರೂ ಕಡತ ಕೇಳಿದರೆ ಹುಡುಕಿ ಕೊಡುವುದು, ಸಿಗದಿದ್ದರೆ ‘ಲಭ್ಯವಿಲ್ಲ’ ಎಂದು ಬರೆದು ಸಾಹೇಬರ ಸಹಿ ಹಾಕಿಸುವುದು ಅವಳ ಕೆಲಸ. ಆ ಉತ್ತರವನ್ನು ಅತಿ ಹೆಚ್ಚು ಸಲ ಪಡೆದವರು ತಟ್ಟೆ ಮೇಷ್ಟ್ರು.

ನಲವತ್ತಮೂರು ವರ್ಷದ ಹಿಂದೆ ಒಂದು ಮುಂಜಾನೆ ಊರಾಚೆಯ ಕಲ್ಲಿನ ಕ್ವಾರಿಯಲ್ಲಿ ಆಕಾಶದಿಂದ ಏನೋ ಬಿದ್ದಿತ್ತು. ಸೈನಿಕರು ಮೂರು ದಿನ ದಾರಿ ಮುಚ್ಚಿದ್ದರು. ಹಾರುವ ತಟ್ಟೆ ಎಂದಿತು ಊರು. ಏನೂ ಬಿದ್ದಿಲ್ಲ ಎಂದಿತು ಸರ್ಕಾರ. ಭೂಗೋಳ ಕಲಿಸುತ್ತಿದ್ದ ಮೇಷ್ಟ್ರು ಅಂದಿನಿಂದ ಅದರ ಬೆನ್ನು ಬಿದ್ದಿದ್ದರು. ವರ್ಷಕ್ಕೆರಡು ಅರ್ಜಿ ಹಾಕುತ್ತಿದ್ದರು. “ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋ ಮನುಷ್ಯ,” ಎಂದು ಕಚೇರಿಯವರು ನಗುತ್ತಿದ್ದರು. ಅಕ್ಕನೂ ನಕ್ಕಿದ್ದಳು.

ಈ ಸಲದ ಅರ್ಜಿ ನೋಡಿ ಅವಳಿಗೆ ನಗು ಬರಲಿಲ್ಲ. ಆ ವಾರ ಇಲಾಖೆಯ ಕ್ರೇನ್ ಎಲ್ಲಿಗೆ ಹೋಗಿತ್ತು, ಅದರ ದಿನಚರಿ ಪುಸ್ತಕ ಬೇಕು ಎಂದು ಮೇಷ್ಟ್ರು ಕೇಳಿದ್ದರು. ಆಗ ಇಲಾಖೆಯಲ್ಲಿದ್ದದ್ದು ಒಂದೇ ಕ್ರೇನ್. ಅದನ್ನು ಓಡಿಸುತ್ತಿದ್ದವನು ಅವಳ ಅಪ್ಪ.

ಅಪ್ಪ ಸತ್ತಾಗ ಅವಳಿಗೆ ಹದಿನಾಲ್ಕು. ಕೂದಲು ಹಿಡಿಹಿಡಿಯಾಗಿ ಉದುರಿ, ಒಸಡಿನಿಂದ ರಕ್ತ ಜಿನುಗಿ, ಆಳು ಏಳು ತಿಂಗಳಲ್ಲಿ ಕಡ್ಡಿಯಾಗಿ ಹೋಗಿದ್ದ. ಜ್ವರ ಎಂದು ಅಮ್ಮ ಹೇಳಿದ್ದಳು. ಜ್ವರ ಎಂದೇ ಅವಳು ನಂಬಿದ್ದಳು.

ಕ್ರೇನಿನ ದಿನಚರಿಗಳು ಗೋಡೆ ಬದಿಯ ಕಪಾಟಿನಲ್ಲಿದ್ದವು. ಹಿಂದಿನ ವರ್ಷದ್ದು ಇತ್ತು, ಮುಂದಿನ ವರ್ಷದ್ದು ಇತ್ತು, ಆ ವರ್ಷದ್ದು ಇರಲಿಲ್ಲ. ಹಳೆಯ ಪುಸ್ತಕ ಸುಟ್ಟಾಗ ಬರೆದಿಡುವ ನಾಶಪಟ್ಟಿಯನ್ನು ಅವಳು ಇಳಿಸಿಕೊಂಡಳು. ಅಲ್ಲಿತ್ತು. ಕ್ರೇನ್ ದಿನಚರಿ, ಕ್ವಾರಿಯ ಗೇಟ್ ಪುಸ್ತಕ, ಲಾರಿಗಳ ಹಾಜರಿ, ಹೀಗೆ ಹನ್ನೆರಡು. ‘ಗೆದ್ದಲು ತಿಂದು ಹಾಳಾದ ಕಾರಣ ಸುಡಲಾಗಿದೆ.’ ಅಕ್ಕಪಕ್ಕದ ಪುಸ್ತಕಗಳಲ್ಲಿ ಗೆದ್ದಲಿನ ಒಂದು ತೂತೂ ಇರಲಿಲ್ಲ.

ದುಂಡನೆಯ ಆ ಅಕ್ಷರ ಅವಳದೇ. ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಆಗಿನ ಸಾಹೇಬರು ಚೀಟಿ ನೋಡಿ ಹೇಳುತ್ತಾ ಹೋಗಿದ್ದರು, ಅವಳು ಬರೆಯುತ್ತಾ ಹೋಗಿದ್ದಳು. ಒಂದು ಕಾಗುಣಿತವೂ ತಪ್ಪಬಾರದೆಂದು ಎಷ್ಟು ಜೋಪಾನ ಮಾಡಿದ್ದಳೆಂಬುದು ನೆನಪಾಗಿ, ಅವಳು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಮನೆಯಲ್ಲಿ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು.

“ಅಪ್ಪ ಕ್ವಾರಿಗೆ ಹೋಗಿದ್ರಾ?”

ಅಮ್ಮ ಕೈಯಲ್ಲಿದ್ದ ಅಂಗಿಯನ್ನು ಮಡಚಿ ಮುಗಿಸಿದಳು. “ಹೋಗಿದ್ರು.”

“ಏನು ಬಿದ್ದಿತ್ತು?”

“ತಟ್ಟೆನೂ ಅಲ್ಲ, ಬಟ್ಟಲೂ ಅಲ್ಲ. ಅದರ ಮೇಲೆ ನಮ್ಮ ಅಕ್ಷರದಲ್ಲೇ ನಂಬರ್ ಬರೆದಿತ್ತಂತೆ. ಒಳಗಿಂದ ಯಾರೋ ಬಡೀತಿದ್ರಂತೆ. ನಿಮ್ಮಪ್ಪ ಕ್ರೇನ್ ನಿಲ್ಲಿಸಿ, ಮೊದಲು ಬಾಗಿಲು ತೆಗೀರಿ ಅಂದ್ರಂತೆ. ಸೈನಿಕರು ಸುಮ್ಮನೆ ಎತ್ತು ಅಂದ್ರಂತೆ. ಎತ್ತಿದ್ರು. ಲಾರಿಗೆ ಇಳಿಸೋ ಹೊತ್ತಿಗೆ ಬಡಿಯೋದು ನಿಂತಿತ್ತಂತೆ.”

ಅಮ್ಮ ಇನ್ನೊಂದು ಬಟ್ಟೆ ಎತ್ತಿಕೊಂಡಳು. “ನಿಮ್ಮಪ್ಪ ಹೋದ ಮೇಲೆ ಕಚೇರಿಯವರು ಜ್ವರ ಅಂತ ಕಾಗದ ತಂದ್ರು, ಹೆಬ್ಬೆಟ್ಟು ಒತ್ತಿದೆ. ನಿನಗೆ ಹದಿನೆಂಟಾದ ವಾರಕ್ಕೇ ಕೆಲಸದ ಆರ್ಡರ್ ಬಂತು. ಬೇರೆಯವರ ಮಕ್ಕಳು ವರ್ಷಗಟ್ಟಲೆ ಚಪ್ಪಲಿ ಸವೆಸ್ತಿದ್ರು.”

“ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲಮ್ಮ.”

“ತಟ್ಟೆ ಅಂತ ಜನ ನಗೋವಾಗೆಲ್ಲ ನನಗೆ ನೆಮ್ಮದಿ ಆಗೋದು. ನಗ್ತಾ ಇರೋವರೆಗೂ ಯಾರೂ ನಮ್ಮನ್ನ ಕೇಳಲ್ಲ.”

ಮರುದಿನ ಅಕ್ಕ ಮೇಷ್ಟ್ರಿಗೆ ಉತ್ತರ ಬರೆದಳು. ‘ಲಭ್ಯವಿಲ್ಲ’ ಎಂದು ಬರೆಯಲಿಲ್ಲ. ಹನ್ನೆರಡು ಪುಸ್ತಕದ ಹೆಸರು, ಅದು ತನ್ನದೇ ಕೈಬರಹ ಎಂಬುದು, ಅಮ್ಮನ ಮಾತು, ಎಲ್ಲವನ್ನೂ ಬರೆದು, ಸಾಹೇಬರ ಬಳಿ ಹೋಗದೆ ತಾನೇ ಸಹಿ ಹಾಕಿ, ಮೇಷ್ಟ್ರ ಮನೆಗೆ ಒಯ್ದಳು.

ಗೋಡೆ ತುಂಬಾ ನಕ್ಷೆ, ತಟ್ಟೆಯ ಚಿತ್ರ. ಮೇಷ್ಟ್ರು ಎರಡು ಸಲ ಓದಿದರು. ಮುಖ ಬಾಡಿತು.

“ನಮ್ಮ ಅಕ್ಷರ ಇತ್ತು ಅಂತ ಬರೆದಿದ್ದೀರಿ.”

“ಇದ್ದದ್ದೇ ಅದು.”

“ಇಷ್ಟು ವರ್ಷ ಕೊಡದವರು ಈಗ ತಾವಾಗೇ ಕೊಡ್ತಾರೆ ಅಂದ್ರೆ, ಹೀಗೆ ಹೇಳಿ ಅಂತ ನಿಮಗೂ ಕಲಿಸಿ ಕಳಿಸಿದ್ದಾರೆ.”

“ಒಳಗೆ ಮನುಷ್ಯ ಇದ್ದ ಮೇಷ್ಟ್ರೇ.”

“ಮನುಷ್ಯನೇ ಅಂತ ಹೇಗೆ ಹೇಳ್ತೀರಿ? ಬಡಿದದ್ದು ಕೇಳಿಸಿದೆ, ಅಷ್ಟೇ ತಾನೆ?”

ಅವಳು ಪತ್ರವನ್ನು ಅಲ್ಲೇ ಬಿಟ್ಟು ಎದ್ದು ಬಂದಳು. ಆ ವಾರವೇ ಪತ್ರಿಕೆಯಲ್ಲಿ ಮೇಷ್ಟ್ರ ಬರಹ ಬಂತು: ‘ತಟ್ಟೆಯೊಳಗೆ ಜೀವವಿತ್ತು, ಕಚೇರಿಯಿಂದಲೇ ಒಪ್ಪಿಗೆ’. ಅವಳ ಪತ್ರವನ್ನೂ ಹಾಕಿದ್ದರು. ಬಿದ್ದದ್ದರ ಮೇಲೆ ನಮ್ಮ ಅಕ್ಷರವಿತ್ತೆಂಬ ಸಾಲೊಂದನ್ನು ಮಾತ್ರ ಬಿಟ್ಟಿದ್ದರು.

ಆ ಪತ್ರಕ್ಕಾಗಿ ಅವಳ ವಿಚಾರಣೆ ಕಚೇರಿಯ ಮೇಲಿನ ಮಹಡಿಯಲ್ಲಿ ನಡೆಯಿತು. ವಿಚಾರಣೆಯ ಅಧಿಕಾರಿ ಅವಳಿಗೆ ಮಗಳಾಗುವ ವಯಸ್ಸಿನ ಹೆಂಗಸು, ಮೃದು ಮಾತಿನವಳು.

“ನೀವು ಹೇಳೋ ನಾಶಪಟ್ಟಿ ದಾಖಲೆ ಕೋಣೆಯಲ್ಲಿ ಇಲ್ಲ.”

“ಹೋದ ವಾರ ಇತ್ತು. ನಾನೇ ಬರೆದ ಪುಸ್ತಕ ಅದು.”

“ಅದಕ್ಕೆ ದಾಖಲೆ ಇದೆಯಾ?”

ಇದೇ ಪ್ರಶ್ನೆಯನ್ನು ಅಕ್ಕ ಎಷ್ಟು ಜನಕ್ಕೆ ಕೇಳಿದ್ದಳೋ. ಸಂಜೆಯೊಳಗೆ ಅಮಾನತಿನ ಆದೇಶ ಬಂತು. ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಊಟದ ಡಬ್ಬಿ ಹಿಡಿದು ಹೊರಬಂದಳು. ಯಾರೂ ತಲೆಯೆತ್ತಲಿಲ್ಲ.

“ಕೆಲಸ ಹೋಯ್ತಾ?” ಎಂದಳು ಅಮ್ಮ.

“ಹೋಯ್ತು.”

ಅಮ್ಮ ಬೈಯುತ್ತಾಳೆ ಎಂದುಕೊಂಡಿದ್ದಳು. ಅಮ್ಮ ಅವಳ ಕೈಯಿಂದ ಡಬ್ಬಿ ಇಸಿದುಕೊಂಡು, “ಅವತ್ತು ಕ್ವಾರೀಲಿ ಕ್ರೇನಿಗೆ ಹಗ್ಗ ಬಿಗಿದವನೊಬ್ಬ ಇದ್ದ,” ಎಂದಳು. “ನಿಮ್ಮಪ್ಪನಿಗಿಂತ ಮೊದಲೇ ಹೋದ. ಅವನ ಮಗಳು ಬಸ್ ಡಿಪೋ ಹಿಂದೆ ಇದ್ದಾಳೆ. ಅವರ ಹತ್ತಿರಾನೂ ಜ್ವರ ಅಂತಲೇ ಬರೆಸಿಕೊಂಡಿದ್ರು.”

ಮರುದಿನ ಬೆಳಿಗ್ಗೆ ಅಕ್ಕ ಆ ಮನೆಯ ಬಾಗಿಲು ತಟ್ಟಿದಳು. ಒದ್ದೆ ಕೈಯಲ್ಲೇ ಬಂದ ಹೆಂಗಸು ಬಾಗಿಲನ್ನು ಅರ್ಧ ಮಾತ್ರ ತೆರೆದಳು.

“ಪತ್ರಿಕೆಯಲ್ಲಿ ಬಂದ ತಟ್ಟೆ ವಿಷಯ ಆದ್ರೆ ಬೇಡಿ. ನಮಗೇನೂ ಗೊತ್ತಿಲ್ಲ.”

“ನನಗೂ ಗೊತ್ತಿರಲಿಲ್ಲ. ನಿಮ್ಮಪ್ಪ, ನಮ್ಮಪ್ಪ ಒಂದೇ ದಿನ ಕ್ವಾರಿಗೆ ಹೋಗಿದ್ರು.”

ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು, ಬಾಗಿಲನ್ನು ಪೂರ್ತಿ ತೆರೆದು, ಒಂದು ಹೆಜ್ಜೆ ಹಿಂದೆ ಸರಿದಳು.