ಬಡಿಯುವ ದೋಣಿಯ ಹತ್ತಿರ ಹೋಗಬಾರದು

ನಾನು ಒಂದು ಪಾತಿ ದೋಣಿ. ಅದಕ್ಕೂ ಮೊದಲು ಮಾವಿನ ಮರವಾಗಿದ್ದೆ. ಬರೀ ಹುಳಿ ಮಾವು, ಹಾಗಾಗಿ ಕಡಿಯುವಾಗ ಯಾರಿಗೂ ಬೇಸರವಾಗಲಿಲ್ಲ. ಆಚಾರಿಯೊಬ್ಬ ನನ್ನ ಹೊಟ್ಟೆ ಕೊರೆದು, ಮಗುಚದಂತೆ ಪಕ್ಕಕ್ಕೊಂದು ಮರದ ತುಂಡು ಕಟ್ಟಿ, ಕಾರವಾರದ ಕಡೆಯ ಕೊಲ್ಲಿಯೊಂದಕ್ಕೆ ಇಳಿಸಿದ. ಮೊದಲ ಯಜಮಾನ ಶುದ್ಧ ಸೋಮಾರಿ, ಅವನ ಸುದ್ದಿ ಬೇಡ. ಅವನಿಂದ ನನ್ನನ್ನು ಕೊಂಡ ಹೊನ್ನಪ್ಪ ಹರಿಕಂತ್ರ ಮಾತ್ರ ಮಗುವಿಗೆ ಹಚ್ಚಿದಂತೆ ಎಣ್ಣೆ ಹಚ್ಚಿ ನೋಡಿಕೊಂಡ.

ಬಲೆ ಬಿಟ್ಟ ಮೇಲೆ ಅವನು ನನ್ನ ಪಕ್ಕೆಗೆ ಅಂಗೈಯಿಂದ ದಬದಬ ಬಡಿಯುತ್ತಿದ್ದ. ಸದ್ದಿಗೆ ಬಂಗಡೆ ಬೆದರಿ ಬಲೆಗೆ ನುಗ್ಗುತ್ತದೆ. ನಮ್ಮ ಕೊಲ್ಲಿಯಲ್ಲಿ ಒಂದು ಕಟ್ಟಳೆ ಇತ್ತು: ಒಬ್ಬ ಬಡಿಯುತ್ತಿದ್ದರೆ ಇನ್ನೊಬ್ಬ ಹತ್ತಿರ ಹೋಗಬಾರದು, ಕೂಗಲೂಬಾರದು, ಮೀನು ಚದುರುತ್ತದೆ. ಹೊನ್ನಪ್ಪನ ತಮ್ಮ ಜಟ್ಟಿ ಅದನ್ನು ಒಮ್ಮೆಯೂ ಮೀರಿದವನಲ್ಲ.

ಅಂದು ಬೆಳಿಗ್ಗೆ ನನ್ನ ಮೂತಿ ನನಗೇ ಕಾಣದಷ್ಟು ಮಂಜು. ಜಟ್ಟಿಯ ದೋಣಿ ಎಲ್ಲೋ ಆಚೆಗಿತ್ತು. ಹೊನ್ನಪ್ಪ ಆಗಲೇ ಬಲೆ ಬಿಟ್ಟಿದ್ದ. ನನ್ನ ಕೆಳಗೆ ಸಾವಿರಾರು ಬಂಗಡೆ ಒಂದೇ ಮೈಯಂತೆ ಸುತ್ತುತ್ತಿದ್ದವು. ಆಮೇಲೆ ಡಾಲ್ಫಿನ್‌ಗಳು ಬಂದವು. ಆದರೆ ಒಂದು ಮೀನನ್ನೂ ಮುಟ್ಟಲಿಲ್ಲ. ನಮ್ಮ ಸುತ್ತ ನಿಂತು ಫೂ, ಫೂ ಎಂದು ಉಸಿರು ಬಿಟ್ಟವು. ನನಗೆ ಹೆದರಿಕೆಯಾಯಿತು.

"ಎಂತ ಆಗಿದ್ಯೋ ನಿಮಗೆ? ತಿನ್ನಿ" ಎಂದು ಹೊನ್ನಪ್ಪ ಬಗ್ಗಿದ.

ಅಷ್ಟರಲ್ಲಿ ಬಂಗಡೆಯ ಇಡೀ ಹಿಂಡು ಬಲೆಗೆ ಬಿದ್ದು ಆಳಕ್ಕೆ ಎಳೆಯಿತು. ಬಲೆಯ ಹಗ್ಗ ಅವನ ಕಾಲಿಗೆ ಸುತ್ತಿಕೊಂಡಿತ್ತು. ನೀರಿಗೆ ಬಿದ್ದವನು ಒಂದು ಕೈಯಲ್ಲಿ ನನ್ನ ಅಂಚು ಹಿಡಿದ. ಕೂಗಲು ಬಾಯಿ ತುಂಬ ನೀರು. ಇನ್ನೊಂದು ಕೈಯಲ್ಲಿ ನನ್ನ ಪಕ್ಕೆಗೆ ಬಡಿದ, ಬಡಿದೇ ಬಡಿದ.

ಮಂಜಿನಾಚೆ ಜಟ್ಟಿ ಹುಟ್ಟು ಹಾಕುವ ಸದ್ದು ನಿಂತಿತು. "ಅಣ್ಣಂಗೆ ಇವತ್ತು ಭರ್ತಿ ಮೀನು" ಎಂದುಕೊಂಡದ್ದು ನೀರ ಮೇಲೆ ತೇಲಿ ಬಂತು. ಅವನು ದೋಣಿಯನ್ನು ಇನ್ನೂ ದೂರ ಒಯ್ದ.

ಬಡಿತ ನಿಧಾನವಾಗಿ, ನಿಂತೇಹೋಯಿತು. ಡಾಲ್ಫಿನ್‌ಗಳು ಮಾತ್ರ ಅಲ್ಲೇ ಸುತ್ತುತ್ತಿದ್ದವು. ಮಂಜು ಸರಿದ ಮೇಲೆ ಜಟ್ಟಿಯೇ ಬಲೆ ಎಳೆದು ಅಣ್ಣನ ಹೆಣ ಮೇಲೆತ್ತಿದ.

ಈಗ ನಾನು ಗಾಳಿಮರದ ಕೆಳಗೆ ಮಗುಚಿ ಬಿದ್ದಿದ್ದೇನೆ. ಗೆದ್ದಲು ಹಿಡಿದಿದೆ. ಕಟ್ಟಳೆ ತಪ್ಪೆನ್ನಲಾರೆ, ಎಷ್ಟೋ ಮನೆಗಳಿಗೆ ಅದು ಅನ್ನ ಹಾಕಿದೆ. ಆದರೆ ಮೀನಿಗೂ ಪ್ರಾಣಕ್ಕೂ ಒಂದೇ ಸದ್ದು ಕೊಟ್ಟೆನಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ವರ್ಷದ ತಿಥಿ ಮುಗಿದ ದಿನ ಹೊನ್ನಪ್ಪನ ಹೆಂಡತಿ ಸೋಮಿ ಮೈದುನನನ್ನು ನನ್ನ ಬಳಿ ಕರೆತಂದಳು. ಗಂಡನ ಅಂಗೈ ಚರ್ಮ ಕಿತ್ತುಹೋಗಿದ್ದನ್ನು ಅವಳು ನೋಡಿದ್ದಳು.

"ಎಷ್ಟೊತ್ತು ಬಡಿದ್ರು ತಮ್ಮಾ?"

ಜಟ್ಟಿ ಸುಳ್ಳು ಹೇಳಬಹುದಿತ್ತು.

"ಬಡಿತ ನಿಲ್ಲೋದ್ರೊಳಗೆ ನಾನು ಎರಡು ಬೀಡಿ ಸೇದ್ದೆ ಅತ್ತಿಗೆ" ಎಂದ.