ಮುಂದಿನ ಸಾಲಿನವರು ಮೊದಲು

ಭವಾನಿ ಚೆನ್ನೈನ ಗಿಂಡಿಯ ಒಂದು ವಿಮಾ ಕಚೇರಿಯಲ್ಲಿ ಹೊಸಬರಿಗೆ ತರಬೇತಿ ಕೊಡುವವಳು. ಪಾಲಿಸಿಯ ನಿಯಮಗಳನ್ನು ತಾಸುಗಟ್ಟಲೆ ನಿಂತು ವಿವರಿಸಲು ಅವಳಿಗೆ ಅಳುಕಿರಲಿಲ್ಲ. ಒಬ್ಬರನ್ನು ಗೌರವಿಸಿ ನಾಲ್ಕು ಮಾತಾಡು ಎಂದರೆ ಮಾತ್ರ ಹಿಂಜರಿಯುತ್ತಿದ್ದಳು. ಆದರೂ ಆ ಭಾನುವಾರ ಶಂಕ್ರಮ್ಮನವರ ಸನ್ಮಾನದ ಭಾಷಣ ಅವಳ ಪಾಲಿಗೆ ಬಂದಿತ್ತು.

ಶಂಕ್ರಮ್ಮ ಮದುವೆಯಾಗಿ ಗದಗದಿಂದ ಚೆನ್ನೈಗೆ ಬಂದವರು. ಬೆಸೆಂಟ್ ನಗರದ ಮನೆಯಲ್ಲಿ ಇಲ್ಲಿನ ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸುತ್ತಲೇ ಮುದುಕಿಯಾದವರು. ಭವಾನಿ ಅವರ ಬಳಿಯೇ ಕಲಿತಿದ್ದಳು. ಈಗ ಅವಳ ಮಗಳು ಕೃತಿ ಹೋಗುತ್ತಿದ್ದಳು.

ಬರೆದುಕೊಂಡದ್ದನ್ನು ಭವಾನಿ ಓದಿ ತೋರಿಸಿದಾಗ ಗಂಡ ಶಿವಕಿರಣ್ ನಕ್ಕಿದ್ದ. "ಇದು ಆಫೀಸಿನ ಟ್ರೇನಿಂಗ್ ಆತು. ಅವರು ಏನೇನು ಮಾಡ್ಯಾರ ಅನ್ನೂದು ಎಲ್ಲಾರಿಗೂ ಗೊತ್ತೈತಿ. ನಿನಗ ಅವರು ಏನಾಗಬೇಕು, ಅದನ್ನ ಹೇಳು."

ಭಾನುವಾರ ಭವಾನಿ ಹಾಗೆಯೇ ಶುರು ಮಾಡಿದಳು. ಅಂಗಡಿಗಳ ಮೇಲಿನ ಎರಡನೇ ಮಹಡಿಯ ಸಭಾಂಗಣ ತುಂಬಿತ್ತು. ಹಾಡಲು ಬಂದಿದ್ದ ಮಕ್ಕಳು ಕೊನೆಯ ಸಾಲಿನಲ್ಲಿದ್ದರು. 'ಳ' ಬರೆಯಲು ಬಾರದೆ ಅತ್ತ ದಿನ ಶಂಕ್ರಮ್ಮ ತನ್ನನ್ನು ಎಲಿಯಟ್ಸ್ ಬೀಚಿಗೆ ಕರೆದೊಯ್ದು ಮರಳಿನಲ್ಲಿ ಬರೆಸಿದ್ದನ್ನು ಹೇಳುತ್ತಿದ್ದಂತೆ ಜನ ಕಿವಿಗೊಟ್ಟರು. ಸ್ವರ ಹಿಡಿತಕ್ಕೆ ಸಿಕ್ಕಿತು ಎನ್ನುವಾಗ ವೇದಿಕೆಯ ಹಿಂಬದಿಯಿಂದ ಹಾಲ್ ನೋಡಿಕೊಳ್ಳುವ ಬಾಬು ಬಂದು ಕಿವಿಯಲ್ಲಿ ಉಸುರಿದ. "ಅಕ್ಕಾ, ಕೀಳ ಕರೆಂಟ್ ರೂಮ್ ಎರಿಯುದು."

ಕೆಳಗೆ ಕರೆಂಟ್ ರೂಮಿಗೆ ಬೆಂಕಿ ಬಿದ್ದಿತ್ತು. ಸಭಾಂಗಣದ ಹಿಂದಿನ ದೊಡ್ಡ ಬಾಗಿಲಿಗೆ ಜನ ಹತ್ತಿ ಬಂದ ಮುಖ್ಯ ಮೆಟ್ಟಿಲ ತುಂಬ ಹೊಗೆ. ಉಳಿದದ್ದು ವೇದಿಕೆಯ ಪಕ್ಕದ ಸಣ್ಣ ಬಾಗಿಲು, ಅದರಾಚೆ ಒಬ್ಬೊಬ್ಬರೇ ಇಳಿಯಬಹುದಾದ ಇಕ್ಕಟ್ಟಿನ ಮೆಟ್ಟಿಲು.

'ಬೆಂಕಿ' ಎಂದರೆ ಎಲ್ಲರೂ ಬಂದ ದಾರಿಗೇ ಓಡುತ್ತಾರೆ. ಮೊದಲು ದಾರಿ ಹೇಳಬೇಕು, ಕಾರಣ ಆಮೇಲೆ. ಭವಾನಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

"ಎಲ್ಲಾರೂ ನನ್ನ ಕಡೆ ನೋಡ್ರಿ. ನನ್ನ ಬಲಕ್ಕ ಒಂದು ಬಾಗಿಲೈತಿ. ನಾವೆಲ್ಲ ಅಲ್ಲಿಂದನ ಇಳೀಬೇಕು. ಮುಂದಿನ ಸಾಲಿನವರು ಮೊದಲು, ಅವರ ಹಿಂದ ಎರಡನೇ ಸಾಲು. ಕೆಳಗ ಹೊಗಿ ಐತಿ, ಮೇನ್ ಮೆಟ್ಟಿಲಿಗೆ ಯಾರೂ ಹೋಗಬ್ಯಾಡ್ರಿ. ಅಂದಾನಿ ಕಾಕಾ, ಹಿಂದಿನ ದೊಡ್ಡ ಬಾಗಿಲು ಹಾಕಿಬಿಡ್ರಿ."

ಅದನ್ನೇ ತಮಿಳಿನಲ್ಲೂ ಹೇಳಿದಳು. ಕೊನೆಯ ಸಾಲಿನ ಬಳಿ ನಿಂತಿದ್ದ ಅಂದಾನಿ ಬಾಗಿಲು ಎಳೆದರು. ಅಷ್ಟರಲ್ಲಿ ದೀಪ, ಫ್ಯಾನು, ಮೈಕು ಒಟ್ಟಿಗೆ ಸತ್ತವು. ಕಿಟಕಿಯ ಬೆಳಕಷ್ಟೇ ಉಳಿಯಿತು. ಯಾರೋ ಕಿರುಚಿದರು. ಕುರ್ಚಿಗಳು ಉರುಳಿದವು.

ಪಂಢರಿನಾಥರು ನಡುಸಾಲಿನಲ್ಲಿ ಎದ್ದು ನಿಂತರು. ಬ್ಯಾಂಕಿನಿಂದ ನಿವೃತ್ತರಾದ, ಗಟ್ಟಿ ದನಿಯ ಮನುಷ್ಯ. "ಹೊಗಿ ಬರೂದು ಹಿಂದಿನ ಬಾಗಿಲಿಂದ! ಮಕ್ಕಳು ಅಲ್ಲೇ ಅದಾವ! ನನ್ನ ಮೊಮ್ಮಗ ಅದಾನ! ಅವರನ್ನ ಮೊದಲು ಬಿಡ್ರಿ!"

ಹೌದು ಹೌದು ಎಂದು ನಾಲ್ಕಾರು ಮಂದಿ ಹಿಂದಕ್ಕೆ ತಿರುಗಿದರು. ಮುಚ್ಚಿದ ಬಾಗಿಲ ಸಂದಿಯಿಂದ ತೆಳುವಾದ ಕಪ್ಪು ಹೊಗೆ ನುಸುಳುತ್ತಿತ್ತು. ಅದರ ಪಕ್ಕದಲ್ಲೇ ಹಸಿರು ಲಂಗದಲ್ಲಿ ಕೃತಿ ನಿಂತಿದ್ದಳು, ತಾಯಿಯನ್ನೇ ನೋಡುತ್ತ. ಕೃತೀ, ಓಡಿ ಬಾ ಎಂಬ ಮಾತು ಭವಾನಿಯ ನಾಲಗೆಯ ತುದಿಗೆ ಬಂತು.

"ಪಂಢರಿನಾಥ ಸರ್!" ಮೈಕಿಲ್ಲದ ಅವಳ ದನಿ ಒಡೆದು ಬಂತು. "ನನ್ನ ಮಗಳೂ ಅಲ್ಲೇ ನಿಂತಾಳ್ರಿ. ಹಿಂದಿನವರು ನುಗ್ಗಿದ್ರ ಈ ಬಾಗಿಲು ಕಟ್ಟಿಕೊಳ್ತೈತಿ, ಒಬ್ಬರೂ ಇಳಿಯೂದಿಲ್ಲ. ನೀವು ಲಗೂನ ಇಳಿದ್ರ ಮಕ್ಕಳ ಪಾಳಿ ಲಗೂನ ಬರ್ತೈತಿ. ನಿಮ್ಮ ಕೈ ಮುಗೀತೀನಿ, ನಡೀರಿ!"

ಪಂಢರಿನಾಥರು ಹಿಂದೊಮ್ಮೆ ನೋಡಿದರು, ಇವಳನ್ನೊಮ್ಮೆ ನೋಡಿದರು. ಆಮೇಲೆ ಹೆಂಡತಿಯ ರಟ್ಟೆ ಹಿಡಿದು ಮುಂದಕ್ಕೆ ನಡೆದರು. ಸಾಲು ಸರಿಯತೊಡಗಿತು.

ಶಿವಕಿರಣ್ ಶಂಕ್ರಮ್ಮನವರನ್ನು ಕುರ್ಚಿ ಸಮೇತ ಎತ್ತಲು ಬಂದ. ಅವರು ಕೈ ಅಡ್ಡ ಮಾಡಿದರು. "ನಾ ಇಲ್ಲಿ ಕುಂತಿದ್ರ ಹುಡುಗ್ರು ಓಡೂದಿಲ್ಲ. ತಡಿ." ಕೊರಳಲ್ಲಿ ಹಾರದೊಂದಿಗೇ ಅವರು ಹಿಂದಿನ ಸಾಲಿಗೆ ಪಾಠದ ದನಿಯಲ್ಲಿ ಕೂಗಿದರು. "ವರುಣ್, ಅಳಬ್ಯಾಡ. ಕೃತಿ, ಸಣ್ಣವರ ಕೈ ಹಿಡಕೊ. ಮೂಗಿಗೆ ಕರ್ಚೀಫ್ ಹಿಡೀರಿ."

ಭವಾನಿ ಸಾಲು ಸಾಲಾಗಿ ಕರೆಯುತ್ತಲೇ ಇದ್ದಳು. ಕಣ್ಣು ಉರಿಯುತ್ತಿತ್ತು. ಕೆಮ್ಮು ಹೆಚ್ಚಿದಾಗ ಮಾತು ನಿಲ್ಲುತ್ತಿತ್ತು, ಮಾತು ನಿಂತೊಡನೆ ಜನ ತಳ್ಳಾಡುತ್ತಿದ್ದರು. ಮತ್ತೆ ಕೂಗುತ್ತಿದ್ದಳು. ಕೊನೆಗೆ ಮಕ್ಕಳು ಬಂದರು. ಕೃತಿ ತಾಯಿಯ ಮುಖ ನೋಡದೆ, ವರುಣನನ್ನು ಎಳೆದುಕೊಂಡು ಇಳಿದುಹೋದಳು. ಆಮೇಲೆಯೇ ಶಂಕ್ರಮ್ಮ ಎತ್ತಿಸಿಕೊಂಡರು. ಶಿವಕಿರಣ್, ಅಂದಾನಿ ಕುರ್ಚಿ ಹಿಡಿದು ಇಳಿದರು, ಅವರ ಬೆನ್ನಿಗೆ ಭವಾನಿ.

ಫೈರ್ ಎಂಜಿನ್ ಬರುವ ಹೊತ್ತಿಗೆ ಎಲ್ಲರೂ ರಸ್ತೆಯಲ್ಲಿದ್ದರು. ಯಾರಿಗೂ ಏಟಾಗಿರಲಿಲ್ಲ. ಪಂಢರಿನಾಥರು ಬಂದು ಭವಾನಿಯ ತಲೆ ಮೇಲೆ ಕೈಯಿಟ್ಟು ಹೋದರು.

ಕೃತಿ ಗೋಡೆಗೊರಗಿ ನಿಂತಿದ್ದಳು. ಭವಾನಿ ಹತ್ತಿರ ಹೋದಾಗ ಹಿಂದೆ ಸರಿದು ತಮಿಳಿನಲ್ಲಿ ಕೇಳಿದಳು.

"ಏನ್ಮಾ ಎನ್ನ ಮೊದಲ್ಲ ಕೂಪ್ಟಲ?"

ನನ್ನನ್ನೇಕೆ ಮೊದಲು ಕರೆಯಲಿಲ್ಲ? ಇಕ್ಕಟ್ಟಿನ ಮೆಟ್ಟಿಲು, ಕಟ್ಟಿಕೊಳ್ಳುವ ಬಾಗಿಲು, ಇಡೀ ಸಭೆಯನ್ನು ಒಪ್ಪಿಸಿದ ಆ ಮಾತುಗಳು ಈ ಹುಡುಗಿಯ ಮುಂದೆ ಬಾಯಿಗೆ ಬರಲಿಲ್ಲ.

"ಕರೀಲಿಕ್ಕೆ ಬಾಯಿ ತೆಗೆದಿದ್ದೆ ಪುಟ್ಟಿ."

"ಅಪ್ಪುರಂ?" ಆಮೇಲೇನಾಯಿತು ಎಂಬಂತೆ ಕೃತಿ ಕೇಳಿದಳು.

"ನಿನ್ನ ಹೆಸರು ಬಂದ್ರ ಎಲ್ಲಾರೂ ಓಡ್ತಾರ ಅಂತ ಹೆದರಿದೆ. ಕರೀಲಿಲ್ಲ. ಈಗೂ ಹೆದರಿಕಿ ಹೋಗಿಲ್ಲ."

ಕೃತಿ ತಾಯಿಯ ಮುಖ ನೋಡಿದಳು. "ನಾನೂ ಬಯಂದೇನ್" ಎಂದಳು. ಹೆದರಿದ್ದನ್ನು ಒಪ್ಪಿಕೊಂಡದ್ದೇ ತಡ, ಅವಳಿಗೆ ಅಳು ಬಂತು. ಭವಾನಿ ಅವಳನ್ನು ಎಳೆದು ಅಪ್ಪಿಕೊಂಡಳು.